ಎಡಗಡೆಯ ಅಂಕಿ ಬಿಟ್ಟುಹೋದ ಲೆಕ್ಕ: ಗಮನ ತಪ್ಪಿದ ಒಂದು ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರೂ ಅವರ ಮನೆಯವರೂ ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ಊರು, ವಯಸ್ಸು, ವ್ಯಾಪಾರದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಂಗಡಿಯಲ್ಲಿ ಎಲ್ಲರೂ ಕರೆಯುವಂತೆ ನಾನೂ ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ. ಮಿದುಳಿಗೆ ಪೆಟ್ಟಾದವರ ಪುನಶ್ಚೇತನದಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆಯಾಗಿ ನಾನು ಅವರನ್ನು ಕಂಡಿದ್ದು.

ಹಿನ್ನೆಲೆ

ಯಜಮಾನರದು ಮಲೆನಾಡಿನ ಅಂಚಿನ ತಾಲ್ಲೂಕು ಪಟ್ಟಣವೊಂದರಲ್ಲಿ ಕಿರಾಣಿ ಸಗಟು ವ್ಯಾಪಾರ. ವಯಸ್ಸು ಅರವತ್ತು ದಾಟಿದೆ, ಬಲಗೈ ಬಳಸುವವರು. ರಕ್ತದೊತ್ತಡಕ್ಕೆ ಮಾತ್ರೆ ಬರೆದುಕೊಟ್ಟಿದ್ದರು, ನುಂಗುತ್ತಿದ್ದುದು ನೆನಪಾದ ದಿನ. ಅಂಗಡಿಗೆ ಕಂಪ್ಯೂಟರ್ ಬಂದು ವರ್ಷಗಳಾಗಿದ್ದರೂ ಅವರ ನಂಬಿಕೆಯೆಲ್ಲ ರಟ್ಟಿನ ಖಾತೆ ಪುಸ್ತಕದ ಮೇಲೆ. ದಿನದ ಕೊನೆಗೆ ಒಂದು ರೂಪಾಯಿ ತಾಳೆಯಾಗದಿದ್ದರೂ ಊಟಕ್ಕೆ ಏಳದ ಮನುಷ್ಯ ಎಂದು ಹೆಂಡತಿ ಹೇಳಿದರು.

ಒಂದು ಬೆಳಗ್ಗೆ ಹಲ್ಲುಜ್ಜುವಾಗ ಎಡಗೈ ಸೋತಿತು, ಬಾಯಿ ವಾರೆಯಾಯಿತು. ಬಲ ಮಿದುಳಿನ ಮಧ್ಯದ ದೊಡ್ಡ ರಕ್ತನಾಳದಲ್ಲಿ ತಡೆಯಾಗಿ ಪಾರ್ಶ್ವವಾಯು ಬಡಿದಿತ್ತು. ಎಂಆರ್‌ಐ ಚಿತ್ರದಲ್ಲಿ ಹಾನಿ ಕಂಡದ್ದು ನೆತ್ತಿಯ ಹಿಂಬದಿಗಿರುವ ಬಲ ಪೆರೈಟಲ್ ಹಾಲೆಯ ಕೆಳಭಾಗದಲ್ಲಿ, ಅದು ಕಿವಿಯ ಬಳಿಯ ಟೆಂಪೊರಲ್ ಹಾಲೆಯನ್ನು ಸೇರುವ ಜಾಗದಲ್ಲಿ. ಮಾತು ಸ್ವಚ್ಛವಾಗಿತ್ತು. ಎಡಗೈಗೆ ಬಲ ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ಮರಳಿತು. ಲಕ್ವ ಹೊಡೆದೂ ನಡೆದುಕೊಂಡು ಮನೆಗೆ ಬಂದರಲ್ಲ ಎಂದು ಮನೆಯವರು ದೇವರಿಗೆ ಕೈಮುಗಿದರು.

ತೊಡಕು

ಮೊದಲು ಕಂಡದ್ದು ಊಟದಲ್ಲಿ. ಬಾಳೆಲೆಯ ಮುಂದೆ ಕುಳಿತವರು ಬಲಗಡೆಯ ಅನ್ನವನ್ನಷ್ಟೇ ಉಂಡು, “ಇವತ್ತು ಉಪ್ಪಿನಕಾಯಿ ಬಡಿಸಲೇ ಇಲ್ಲವಲ್ಲ” ಎಂದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲವೂ ಎಲೆಯ ಎಡಭಾಗದಲ್ಲಿ ಬಡಿಸಿದ ಹಾಗೆಯೇ ಇದ್ದವು. ಮುಖ ಕ್ಷೌರ ಮಾಡಿಕೊಂಡರೆ ಎಡಗೆನ್ನೆಯ ಗಡ್ಡ ಉಳಿಯುತ್ತಿತ್ತು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಎಡಗಡೆ ಕುಳಿತು ಮಾತನಾಡಿಸಿದ ತಂಗಿಗೆ ಬಲಗಡೆ ನಿಂತಿದ್ದ ಮಗನ ಮುಖ ನೋಡುತ್ತ ಉತ್ತರ ಕೊಟ್ಟರು. ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಂಡು ಹೊಸ ಕನ್ನಡಕ ಮಾಡಿಸಿದರು. ಏನೂ ಬದಲಾಗಲಿಲ್ಲ.

ಇಷ್ಟಕ್ಕೇ ಅವರು ನಮ್ಮ ಬಳಿ ಬರುತ್ತಿರಲಿಲ್ಲವೇನೋ. ಅಂಗಡಿಗೆ ಮರಳಿದ ವಾರದಲ್ಲೇ ಬೇಳೆ ಕಳಿಸುವ ವ್ಯಾಪಾರಿಯೊಬ್ಬರ 1,12,400 ರೂಪಾಯಿಯ ಬಿಲ್ಲಿಗೆ 12,400 ರೂಪಾಯಿಯ ಚೆಕ್ ಬರೆದುಕೊಟ್ಟರು. ಇನ್ನೊಬ್ಬರಿಗೆ 38,650ರ ಬದಲು 8,650. ತಪ್ಪು ಎಂದಿಗೂ ಕಡಿಮೆಯ ಕಡೆಗೇ ಆಗುತ್ತಿದ್ದುದರಿಂದ ಪೇಟೆಯಲ್ಲಿ ಎರಡು ಮಾತು ಹುಟ್ಟಿಕೊಂಡವು: ಯಜಮಾನರಿಗೆ ಮರೆವು ಬಂದಿದೆ ಎಂದು ಒಂದು, ಬಡ್ಡಿ ಉಳಿಸಲು ಕಾಯಿಲೆಯ ನೆಪ ಹೂಡಿದ್ದಾರೆ ಎಂದು ಇನ್ನೊಂದು. ಮಗನೂ ಮೊದಲನೆಯದನ್ನು ನಂಬಿ, ಚೆಕ್‌ಬುಕ್ ಕಿತ್ತಿಟ್ಟು, ಮರೆವಿನ ಕಾಯಿಲೆಗೆ ಔಷಧಿ ಕೇಳಲು ಅಪ್ಪನನ್ನು ಕರೆತಂದಿದ್ದ. ಅಪ್ಪನ ನಿಲುವು ಬೇರೆ: “ನನಗೇನೂ ಆಗಿಲ್ಲ ಮೇಡಂ. ಇವನಿಗೆ ಅಂಗಡಿ ಬೇಕಾಗಿದೆ, ಅಷ್ಟೇ.”

ಕಣ್ಣೋ, ನೆನಪೋ, ಗಮನವೋ

ನೆನಪಿನದಲ್ಲ ಎಂಬುದು ಬೇಗ ತಿಳಿಯಿತು. ಹದಿನೇಳರ ಮಗ್ಗಿಯನ್ನು ಹಿಂದುಮುಂದಾಗಿ ಹೇಳಿದರು. ಬಾಯಲ್ಲಿ ಹೇಳಿದ ಆರಂಕಿಯ ಮೊತ್ತಗಳನ್ನು ಮನಸ್ಸಿನಲ್ಲೇ ಕೂಡಿ ನನ್ನ ಕ್ಯಾಲ್ಕುಲೇಟರಿಗಿಂತ ಮೊದಲೇ ಉತ್ತರ ಕೊಟ್ಟರು.

ಕಣ್ಣಿನದೂ ಅಲ್ಲ. ಅವರ ಮೂಗಿನ ನೇರಕ್ಕೆ ಕುಳಿತು ಎಡಗಡೆ ಒಂದು ಬೆರಳು ಆಡಿಸಿದರೆ ಕಾಣುತ್ತದೆ ಎನ್ನುತ್ತಿದ್ದರು. ಬಲಗಡೆಯದೂ ಕಾಣುತ್ತಿತ್ತು. ಎರಡೂ ಕಡೆ ಒಟ್ಟಿಗೆ ಆಡಿಸಿದರೆ ಮಾತ್ರ ಎಡಗಡೆಯ ಬೆರಳು ಇಲ್ಲವಾಗುತ್ತಿತ್ತು. ಕಣ್ಣೇ ಕುರುಡಾಗಿದ್ದರೆ ಬಲಗಡೆಯ ಬೆರಳು ಇರಲಿ ಬಿಡಲಿ, ಎಡಗಡೆಯದು ಕಾಣಬಾರದಿತ್ತು. ದೃಷ್ಟಿಕ್ಷೇತ್ರದ ಅರ್ಧ ನಿಜವಾಗಿಯೂ ಹೋದವರಲ್ಲಿ ಎಷ್ಟೋ ಜನ ಬೇಗನೆ ಅದನ್ನು ಅರಿತು ಕತ್ತು ತಿರುಗಿಸಿ ನೋಡಲು ಕಲಿಯುತ್ತಾರೆ. ಇವರು ತಿರುಗಿಸುತ್ತಲೇ ಇರಲಿಲ್ಲ. ತಿರುಗಿಸಬೇಕಾದದ್ದು ಏನೋ ಅಲ್ಲಿದೆ ಎಂಬುದೇ ಅವರಿಗೆ ಹೊಳೆಯುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆಯನ್ನು 1978ರಲ್ಲಿ ಇಟಲಿಯ ಮಿಲಾನ್ ನಗರದ ಸಂಶೋಧಕರಾದ ಬಿಸಿಯಾಕ್ ಮತ್ತು ಲುಝಾಟಿ ಮಾಡಿದ ಪ್ರಸಿದ್ಧ ಪ್ರಯೋಗದಿಂದ ಎರವಲು ಪಡೆದೆ. ಅವರು ತಮ್ಮ ರೋಗಿಗಳಿಗೆ ಊರಿನ ಕೆಥೆಡ್ರಲ್ (ದೊಡ್ಡ ಚರ್ಚ್) ಮುಂದಿನ ದುವೊಮೊ ಚೌಕವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಲು ಹೇಳಿದ್ದರು. ಕೆಥೆಡ್ರಲ್ ಕಡೆಗೆ ಮುಖಮಾಡಿ ನಿಂತಂತೆ ಊಹಿಸಿದಾಗ ಬಲಗಡೆಯ ಕಟ್ಟಡಗಳಷ್ಟೇ ಹೆಸರಿಗೆ ಬಂದವು. ಕೆಥೆಡ್ರಲಿಗೆ ಬೆನ್ನುಮಾಡಿ ನಿಂತಂತೆ ಊಹಿಸಿದಾಗ ಮೊದಲು ಬಿಟ್ಟವೇ ಬಂದು, ಮೊದಲು ಹೇಳಿದವು ಮಾಯವಾದವು. ನಾನು ಯಜಮಾನರಿಗೆ ಅವರ ಊರಿನ ರಥಬೀದಿಯನ್ನು ಕೊಟ್ಟೆ. ದೇವಸ್ಥಾನದ ಬಾಗಿಲಲ್ಲಿ ನಿಂತು ಬೀದಿಯ ತುದಿಯವರೆಗೆ ನೋಡಿದಂತೆ ಹೇಳಿ ಎಂದಾಗ ಬಟ್ಟೆ ಅಂಗಡಿ, ಹೂವಿನವರು, ಸಹಕಾರ ಸಂಘ ಎಂದು ಒಂದೇ ಸಾಲು ಬಂತು. ತುದಿಯಿಂದ ದೇವಸ್ಥಾನದ ಕಡೆಗೆ ಬನ್ನಿ ಎಂದಾಗ ಎದುರು ಸಾಲು ಬಂತು, ಅವರ ಸ್ವಂತ ಅಂಗಡಿಯೂ ಅದರಲ್ಲಿ. ಮೊದಲ ಸಲ ಅಪ್ಪ ತಮ್ಮ ಅಂಗಡಿಯ ಹೆಸರನ್ನೇ ಹೇಳಲಿಲ್ಲವೆಂದು ಮಗ ಗಾಬರಿಯಾಗಿದ್ದ. ಎರಡನೆಯ ಸಲ ಅವನು ಏನೂ ಮಾತನಾಡಲಿಲ್ಲ. ಮರೆವಿನ ಔಷಧಿಯ ವಿಷಯ ಮತ್ತೆ ಬರಲಿಲ್ಲ.

ವೈದ್ಯಕೀಯದಲ್ಲಿ ಇದಕ್ಕೆ ಹೆಮಿಸ್ಪೇಷಿಯಲ್ ನೆಗ್ಲೆಕ್ಟ್ ಎನ್ನುತ್ತಾರೆ, ಅಂದರೆ ಒಂದು ಬದಿಯ ಅಲಕ್ಷ್ಯ. ಬಲ ಮಿದುಳಿಗೆ ಪೆಟ್ಟಾದಾಗ ಎಡಬದಿಯ ಅಲಕ್ಷ್ಯ ಹೆಚ್ಚು, ತೀವ್ರವೂ ಹೌದು. ಎಡ ಮಿದುಳಿಗೆ ಪೆಟ್ಟಾದಾಗ ಬಲಬದಿಯದು ಅಷ್ಟು ಉಳಿಯುವುದಿಲ್ಲ. 1980ರಲ್ಲಿ ಹೈಲ್‌ಮನ್ ಮತ್ತು ವ್ಯಾನ್ ಡೆನ್ ಅಬೆಲ್ ಕೊಟ್ಟ ವಿವರಣೆ ಸರಳವಾಗಿದೆ: ಬಲ ಮಿದುಳು ಎರಡೂ ಬದಿಗಳನ್ನು ಗಮನಿಸುತ್ತದೆ, ಎಡ ಮಿದುಳು ಮುಖ್ಯವಾಗಿ ಬಲಬದಿಯನ್ನು ಮಾತ್ರ. ಆದ್ದರಿಂದ ಎಡ ಮಿದುಳು ಕೆಟ್ಟರೆ ಬಲ ಮಿದುಳು ನಿಭಾಯಿಸುತ್ತದೆ. ಬಲ ಮಿದುಳು ಕೆಟ್ಟರೆ ಎಡಬದಿಗೆ ದಿಕ್ಕಿಲ್ಲ. ಮುಂದೆ ಕಾರ್ಬೆಟ್ಟಾ ಮತ್ತು ಶುಲ್ಮನ್ ಇದಕ್ಕೆ ಇನ್ನಷ್ಟು ವಿವರ ಸೇರಿಸಿದರು. ಬೇಕೆಂದು ಒಂದು ಕಡೆ ಗಮನ ಹರಿಸುವ ಜಾಲವೊಂದು ಮಿದುಳಿನ ಮೇಲ್ಭಾಗದಲ್ಲಿ ಎರಡೂ ಗೋಳಾರ್ಧಗಳಲ್ಲಿದೆ. ಅನಿರೀಕ್ಷಿತವಾದದ್ದು ಎದುರಾದಾಗ ಎಚ್ಚರಿಸಿ ಗಮನವನ್ನು ಎಳೆಯುವ ಇನ್ನೊಂದು ಜಾಲ ಕೆಳಗಡೆ, ಬಹುಪಾಲು ಬಲ ಗೋಳಾರ್ಧದಲ್ಲಿ. ಯಜಮಾನರ ಹಾನಿ ಈ ಕೆಳಗಿನ ಜಾಲದ ಮೇಲೆಯೇ ಕುಳಿತಿತ್ತು. ಹಾಗಾದರೆ ಅವರಿಗೆ ಎಡಬದಿಯಷ್ಟೇ ಅಲ್ಲ, ಎಚ್ಚರವೂ ಕುಗ್ಗಿರಬೇಕು ಎಂಬ ಸುಳಿವು ಇದರಲ್ಲಿತ್ತು. ಅದು ಕೆಲಸಕ್ಕೆ ಬಂದದ್ದು ಆಮೇಲೆ.

ಏನೇನು ಮಾಡಿದೆವು

ಎಲ್ಲರೂ ಮೊದಲು ಮಾಡುವುದನ್ನೇ ಮನೆಯವರು ಮಾಡುತ್ತಿದ್ದರು: “ರೀ, ಎಡಗಡೆ ನೋಡಿ.” ಅವರು ನೋಡುತ್ತಿದ್ದರು, ತಮಗೆ ತಿಳಿದಷ್ಟು ಎಡಕ್ಕೆ. ಇಪ್ಪತ್ತು ಸೆಂಟಿಮೀಟರ್ ಗೆರೆಯ ನಡುಮಧ್ಯಕ್ಕೆ ಗುರುತು ಹಾಕಿ ಎಂದಾಗ ಬಲಕ್ಕೆ ಬಹಳ ದೂರ ಸರಿದು ಗುರುತು ಹಾಕಿದ ಮನುಷ್ಯನಿಗೆ, ಆ ಗುರುತಿನಿಂದ ಸ್ವಲ್ಪ ಈಚೆಯದೇ ಎಡಗಡೆ. ಹೇಳಿದ್ದನ್ನು ಪಾಲಿಸಿದ್ದೇನೆ ಎಂಬ ನಂಬಿಕೆ ಅವರಿಗೆ, ಹಟ ಮಾಡುತ್ತಾರೆ ಎಂಬ ಸಿಟ್ಟು ಮನೆಯವರಿಗೆ. ಈ ಮಾತನ್ನು ಮನೆಯಲ್ಲಿ ಪೂರ್ತಿ ನಿಲ್ಲಿಸಿ ಎಂದದ್ದೇ ನಾನು ಕೊಟ್ಟ ಮೊದಲ ಸಲಹೆ.

ಎರಡನೆಯದು ಮನೆಯ ಜೋಡಣೆ. ಮಂಚ, ಟೀವಿ, ನೀರಿನ ತಂಬಿಗೆ, ಮಾತ್ರೆಯ ಡಬ್ಬಿ ಎಲ್ಲವನ್ನೂ ಅವರಿಗೆ ಸುಲಭವಾಗಲೆಂದು ಬಲಕ್ಕೆ ಸರಿಸಿದ್ದರು. ಹಾಗೆ ಮಾಡಿದರೆ ಎಡಬದಿಗೆ ಹೋಗುವ ಕಾರಣವೇ ಉಳಿಯುವುದಿಲ್ಲ. ಎಲ್ಲವನ್ನೂ ಎಡಕ್ಕೆ ಸರಿಸುವುದೂ ಅಪಾಯ. ರಾತ್ರಿ ಬಾಯಾರಿದವರಿಗೆ ನೀರು ಸಿಗಬೇಕಲ್ಲ. ಜೀವಕ್ಕೆ ಬೇಕಾದದ್ದು ಬಲಕ್ಕೆ, ಆಸೆಗೆ ಬೇಕಾದದ್ದು ಎಡಕ್ಕೆ ಎಂದು ಹಂಚಿದೆವು. ನೀರು, ಮಾತ್ರೆ ಬಲಗಡೆಯೇ ಉಳಿದವು. ಪತ್ರಿಕೆ, ಎಲೆಅಡಿಕೆ ತಟ್ಟೆ, ಮೊಮ್ಮಗಳ ಆಟದ ಜಾಗ ಎಡಕ್ಕೆ ಹೋದವು.

ಆದರೆ ತಮಗೇನೂ ಆಗಿಲ್ಲ ಎನ್ನುವವರನ್ನು ಅಭ್ಯಾಸಕ್ಕೆ ಕೂರಿಸುವುದು ಹೇಗೆ? ತನ್ನ ಕೊರತೆಯ ಅರಿವೇ ಇಲ್ಲದಿರುವುದನ್ನು ಫ್ರಾನ್ಸಿನ ನರವೈದ್ಯ ಬ್ಯಾಬಿನ್‌ಸ್ಕಿ 1914ರಲ್ಲೇ ಗುರುತಿಸಿ ಅದಕ್ಕೆ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟಿದ್ದರು. ವಾದ ಮಾಡಿ ಅದನ್ನು ಗೆದ್ದವರನ್ನು ನಾನು ಕಂಡಿಲ್ಲ. ಗಡಿಯಾರ ಬರೆಯಿರಿ ಎಂದಾಗ ಎಡ ಅರ್ಧ ಬಿಟ್ಟು ಅವರೇ ಬರೆದ ಚಿತ್ರವನ್ನು ಅವರಿಗೇ ತೋರಿಸಿದರೆ “ಸರಿಯಾಗಿಯೇ ಇದೆ” ಎನ್ನುತ್ತಿದ್ದರು. ಬಿಟ್ಟುಹೋದ ಅರ್ಧ ತೋರಿಸಿದಾಗಲೂ ಬಿಟ್ಟೇಹೋಗುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ.

ಪ್ರಕರಣ ತಿರುಗಿದ್ದು ಅವರ ಖಾತೆ ಪುಸ್ತಕದಿಂದ. ಈ ಅಲಕ್ಷ್ಯಕ್ಕೆ ಎಡಬಲದ ಹಂಗಿದೆ, ಮೇಲುಕೆಳಗಿನದ್ದು ಅಷ್ಟಿಲ್ಲ. ಅವರದೇ ಹಳೆಯ ಬಿಲ್ಲಿನ ಹತ್ತು ಮೊತ್ತಗಳನ್ನು ಒಂದು ಹಾಳೆಯಲ್ಲಿ ಎಂದಿನಂತೆ ಅಡ್ಡಲಾಗಿ ಬರೆದೆ. ಅವೇ ಮೊತ್ತಗಳನ್ನು ಇನ್ನೊಂದು ಹಾಳೆಯಲ್ಲಿ ಅಂಕಿಯ ಕೆಳಗೆ ಅಂಕಿ ಬರುವಂತೆ ಲಂಬವಾಗಿ ಬರೆದೆ. ಎರಡನ್ನೂ ಓದಿಸಿ, ಓದಿದಂತೆ ಮಗನಿಂದ ಬರೆಸಿ, ಮೊತ್ತ ಹಾಕಲು ಅವರಿಗೇ ಹೇಳಿದೆ. ಲಂಬ ಹಾಳೆಯಲ್ಲಿ ಅವರು ಒಂದಂಕಿಯನ್ನೂ ಬಿಟ್ಟಿರಲಿಲ್ಲ. ಎರಡು ಮೊತ್ತಗಳ ನಡುವೆ ಲಕ್ಷಗಳ ಅಂತರ ಬಂತು.

“ಎರಡೂ ಒಂದೇ ಬಿಲ್ಲುಗಳೋ?” ಎಂದು ಕೇಳಿದರು.

“ಅವೇ ಬಿಲ್ಲುಗಳು. ಓದಿದ್ದು ನೀವೇ, ಕೂಡಿದ್ದೂ ನೀವೇ.”

ಬಹಳ ಹೊತ್ತು ಹಾಳೆಗಳನ್ನು ತಿರುಗಿಸಿ ನೋಡಿದರು. ಹೆಂಡತಿಯ ಮಾತು, ಮಗನ ಮಾತು, ನನ್ನ ಮಾತು ಯಾವುದೂ ಒಳಗೆ ಇಳಿದಿರಲಿಲ್ಲ. ತಾಳೆಯಾಗದ ಲೆಕ್ಕ ಇಳಿಯಿತು. ತಪ್ಪು ಎಲ್ಲಿದೆ ಎಂದು ಹುಡುಕದೆ ಬಿಡುವ ಜಾಯಮಾನ ಅವರದಾಗಿರಲಿಲ್ಲ. ಆ ದಿನದಿಂದ ಅಭ್ಯಾಸಕ್ಕೆ ಅವರಾಗಿಯೇ ಬರತೊಡಗಿದರು.

ಆಗ ಮಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ಇನ್ನು ಮುಂದೆ ಎಲ್ಲ ಲೆಕ್ಕವನ್ನೂ ಲಂಬವಾಗಿ ಬರೆದುಕೊಟ್ಟರೆ ಸಾಲದೇ? ಬೇಡವೆಂದೆ. ಬಿಲ್ಲು, ಚೆಕ್, ಬಸ್ಸಿನ ಬೋರ್ಡು ಯಾವುದೂ ಅವರಿಗಾಗಿ ಲಂಬವಾಗುವುದಿಲ್ಲ. ಲಂಬ ಹಾಳೆ ರೋಗವನ್ನು ತೋರಿಸಲು ಸರಿ, ಬದುಕಲು ಸಾಲದು.

ಮೊದಲು ಪ್ರಿಸಂ ಕನ್ನಡಕವನ್ನು ಆರಿಸಿದೆವು. 1998ರಲ್ಲಿ ರೊಸೆಟ್ಟಿ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಅದು. ಕಂಡದ್ದನ್ನೆಲ್ಲ ಹತ್ತು ಡಿಗ್ರಿ ಬಲಕ್ಕೆ ಸರಿಸುವ ಗಾಜು ಹಾಕಿಕೊಂಡು ಐವತ್ತರಷ್ಟು ಸಲ ಗುರಿಗೆ ಬೆರಳು ಮಾಡಬೇಕು. ಮೊದಮೊದಲು ಬೆರಳು ಗುರಿಯ ಬಲಕ್ಕೆ ಬೀಳುತ್ತದೆ, ಕೈ ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತದೆ. ಕನ್ನಡಕ ತೆಗೆದ ಮೇಲೆ ಆ ತಿದ್ದುಪಡಿ ಉಳಿದು ಕೈ ಎಡಕ್ಕೆ ವಾಲುತ್ತದೆ, ಜೊತೆಗೆ ಗಮನವೂ. ರೋಗಿ ಎಡವನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ ಎಂಬುದೇ ಇದರ ಆಕರ್ಷಣೆ. ನಂತರದ ದೊಡ್ಡ ಪರೀಕ್ಷೆಗಳಲ್ಲಿ ಫಲಿತಾಂಶ ಒಂದೇ ತೆರನಾಗಿ ಬಂದಿಲ್ಲ. ಆದರೂ ಅಪಾಯವಿಲ್ಲದ, ಅಗ್ಗದ ಪ್ರಯತ್ನ. ಎರಡು ವಾರ ಮಾಡಿದೆವು. ಗೆರೆಯ ನಡುಮಧ್ಯ ಹೆಚ್ಚುಕಡಿಮೆ ಸರಿಯಾಯಿತು, ತಟ್ಟೆಯ ಎಡಭಾಗಕ್ಕೆ ಕೈ ಹೋಗತೊಡಗಿತು. ಖಾತೆ ಪುಸ್ತಕದಲ್ಲಿ ಮಾತ್ರ ಲಕ್ಷದ ಸ್ಥಾನದ ಅಂಕಿ ಬಿಟ್ಟೇ ಹೋಗುತ್ತಿತ್ತು.

ಇನ್ನೊಂದು ದಾರಿ ಸಿಕ್ಕಿದ್ದು ಅವರ ಹೆಂಡತಿಯ ಕಣ್ಣಿನಿಂದ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗ ಒಂದು ಗಳಿಗೆ ಇವರಿಗೆ ಎಡಗಡೆಯದು ಕಾಣುತ್ತದೆ ಎಂದು ಅವರು ಹೇಳಿದರು. ಪತ್ರಿಕೆಯ ಸಾಲನ್ನು ಮಧ್ಯದಿಂದ ಓದುತ್ತಿದ್ದವರು ಸಿಳ್ಳೆ ಕೇಳಿಸಿದ ಮೇಲೆ ಸಾಲಿನ ಮೊದಲಿನಿಂದ ಓದಿದರಂತೆ. ಮನೆಯವರು ಇದನ್ನು ನಗುತ್ತ ಹೇಳಿದ್ದು; ನಾನು ನಗಲಿಲ್ಲ. 1998ರಲ್ಲೇ ರಾಬರ್ಟ್‌ಸನ್ ಮತ್ತು ಸಂಗಡಿಗರು ಇದನ್ನೇ ಅಳೆದಿದ್ದರು. ಇಂಥ ರೋಗಿಗಳಿಗೆ ಎಡಗಡೆಯ ಘಟನೆ ಬಲಗಡೆಯದಕ್ಕಿಂತ ಸರಾಸರಿ ಅರ್ಧ ಸೆಕೆಂಡ್ ತಡವಾಗಿ ಅರಿವಿಗೆ ಬರುತ್ತಿತ್ತು. ಮೊದಲೊಂದು ಎಚ್ಚರಿಕೆಯ ಸದ್ದು ಕೇಳಿಸಿದರೆ ಆ ವಿಳಂಬ ಅಳಿದುಹೋಗುತ್ತಿತ್ತು. ಸದ್ದು ಎಡದಿಂದಲೇ ಬರಬೇಕೆಂದೂ ಇರಲಿಲ್ಲ. ಎಚ್ಚರ ಏರಿದರೆ ಎಡಬದಿ ಒಂದಿಷ್ಟು ಹೊತ್ತು ಮರಳುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಯಜಮಾನರ ತಪ್ಪುಗಳು ಹೆಚ್ಚುತ್ತಿದ್ದುದಕ್ಕೂ ಇದು ಹೊಂದುತ್ತಿತ್ತು.

ಕುಕ್ಕರನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಡಲಾಗದು. ಎಚ್ಚರಿಸುವ ಕೆಲಸ ಹೊರಗಿನಿಂದ ಒಳಕ್ಕೆ ಹೋಗಬೇಕಿತ್ತು. ಮೊದಲು ನಾನು ಮೇಜು ಬಡಿದು “ಅಂಚು!” ಎನ್ನುತ್ತಿದ್ದೆ. ನಂತರ ಅವರೇ ಮೇಜು ಬಡಿದು ಗಟ್ಟಿಯಾಗಿ ಹೇಳಿದರು. ಆಮೇಲೆ ಮೆಲ್ಲಗೆ, ಕೊನೆಗೆ ಮನಸ್ಸಿನಲ್ಲೇ. ಎಡ ಎಂಬ ಮಾತನ್ನು ಬೇಕೆಂದೇ ಕೈಬಿಟ್ಟೆವು, ಅದು ಮನೆಯಲ್ಲಿ ಜಗಳದ ಮಾತಾಗಿತ್ತು. ಖಾತೆ ಪುಸ್ತಕದ ಎಡ ಅಂಚಿಗೆ ದಪ್ಪನೆಯ ಕೆಂಪು ಗೆರೆ ಎಳೆದೆವು. ಪ್ರತಿ ಸಾಲಿಗೂ ಎಡಗೈಯ ತೋರುಬೆರಳು ಆ ಗೆರೆಯ ಮೇಲೆ ಬರಬೇಕು, ಆಮೇಲೆಯೇ ಓದು. ಎಡಗೈ ಎಡಬದಿಯಲ್ಲಿ ಆಡಿದರೆ ಅಲ್ಲಿನ ಗಮನ ಚುರುಕಾಗುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದ ವಿಷಯ. ಆದರೆ ಅದೇ ಹೊತ್ತಿಗೆ ಬಲಗೈಯೂ ಆಡಿದರೆ ಆ ಲಾಭ ಹೋಗುತ್ತದೆ. ಯಜಮಾನರ ಬಲಗೈಯಲ್ಲಿ ಪೆನ್ನು ಸದಾ ಕುಣಿಯುತ್ತಿತ್ತು. ಪೆನ್ನು ಕೆಳಗಿಟ್ಟು ಬೆರಳು ಸರಿಸುವುದು, ಓದಿದ ಮೇಲೆ ಪೆನ್ನು ಎತ್ತುವುದು: ಈ ಸಣ್ಣ ಶಿಸ್ತಿಗೆ ಅವರು ಎಲ್ಲಕ್ಕಿಂತ ಹೆಚ್ಚು ಗೊಣಗಿದರು.

ಫಲ

ಆರು ತಿಂಗಳ ಹೊತ್ತಿಗೆ ಕಾಗದದ ಪರೀಕ್ಷೆಗಳಲ್ಲಿ ಅವರು ಬಹುತೇಕ ಸರಿಹೋಗಿದ್ದರು. ಹಾಳೆ ತುಂಬ ಚದುರಿದ ನಕ್ಷತ್ರಗಳನ್ನು ಹೊಡೆದುಹಾಕುವ ಪರೀಕ್ಷೆಯಲ್ಲಿ ಎಡಮೂಲೆಯಲ್ಲಿ ಒಂದೆರಡು ಉಳಿಯುತ್ತಿದ್ದವು, ಅಷ್ಟೇ. ಬೆರಳಿಟ್ಟು ಓದಿದಾಗ ಮೊತ್ತಗಳು ತಾಳೆಯಾಗುತ್ತಿದ್ದವು. ಚೆಕ್‌ಬುಕ್ ಮರಳಿತು, ಒಂದು ಷರತ್ತಿನ ಮೇಲೆ: ಬರೆದ ಪ್ರತಿ ಚೆಕ್ಕನ್ನು ಗುಮಾಸ್ತ ಗಟ್ಟಿಯಾಗಿ ಓದಿ ಹೇಳಬೇಕು. ಕಿವಿಯಿಂದ ಬಂದ ಲೆಕ್ಕ ಅವರಲ್ಲಿ ಎಂದೂ ಕೆಟ್ಟಿರಲಿಲ್ಲವಲ್ಲ.

ಇದೆಲ್ಲ ನಮ್ಮ ಅಭ್ಯಾಸದಿಂದಲೇ ಆಯಿತೆಂದು ಹೇಳಲಾರೆ. ಪಾರ್ಶ್ವವಾಯುವಿನ ನಂತರದ ಮೊದಲ ಮೂರು ತಿಂಗಳಲ್ಲಿ ಎಷ್ಟೋ ಜನರಲ್ಲಿ ಈ ಅಲಕ್ಷ್ಯ ತಾನಾಗಿಯೇ ಇಳಿಯುತ್ತದೆ. ನಮ್ಮ ಕೆಲಸವೂ ಅದೇ ಅವಧಿಯಲ್ಲಿ ನಡೆದದ್ದು. ಬೆರಳಿನ ಅಭ್ಯಾಸದ ಬಗ್ಗೆ ಮಾತ್ರ ಸ್ವಲ್ಪ ಧೈರ್ಯವಾಗಿ ಹೇಳಬಹುದು. ಒಂದೇ ದಿನ, ಒಂದೇ ಪುಸ್ತಕದಲ್ಲಿ ಬೆರಳಿಟ್ಟಾಗ ಬಾರದ ತಪ್ಪು ಬೆರಳಿಡದಾಗ ಬರುತ್ತಿತ್ತು.

ಅಂಗಡಿ ತುಂಬಿದಾಗ ಕಥೆ ಬೇರೆಯೇ. ಒಬ್ಬ ಗಿರಾಕಿ ಸಕ್ಕರೆಯ ದರ ಕೇಳುತ್ತ, ಇನ್ನೊಬ್ಬ ಚಿಲ್ಲರೆಗೆ ಕೈಚಾಚಿ, ಮೊಬೈಲ್ ಹೊಡೆದುಕೊಳ್ಳುತ್ತಿದ್ದರೆ ಎಡಗಡೆ ನಿಂತವನು ಮತ್ತೆ ಕಾಣದಾಗುತ್ತಿದ್ದ. ಅಷ್ಟಾವಧಾನಿಗೆ ಸುತ್ತ ಎಂಟು ಜನ ಪೃಚ್ಛಕರಿದ್ದರೆ ಪೇಟೆಯ ವ್ಯಾಪಾರಿಗೆ ಅದಕ್ಕಿಂತ ಹೆಚ್ಚೇ ಇರುತ್ತಾರೆ, ಯಾರೂ ಸರದಿಯಲ್ಲಿ ನಿಲ್ಲುವುದಿಲ್ಲ. ಆಸ್ಪತ್ರೆಯ ಶಾಂತ ಕೋಣೆಯಲ್ಲಿ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಅಳೆಯುವ ನಮ್ಮ ಪರೀಕ್ಷೆಗಳು ಈ ಭಾರವನ್ನು ಹೊರಿಸುವುದೇ ಇಲ್ಲ. ಆದ್ದರಿಂದ ಗಲ್ಲಾಪೆಟ್ಟಿಗೆಯ ಜಾಗ ಬದಲಿಸಿದೆವು. ಅವರ ಎಡಭುಜ ಗೋಡೆಗೆ ತಾಗುವಂತೆ ಕೂರಿಸಿ, ಗಿರಾಕಿಗಳೆಲ್ಲ ಎದುರು ಮತ್ತು ಬಲದಿಂದ ಬರುವಂತೆ ಮಾಡಿದೆವು. ಮನೆಯಲ್ಲಿ ಎಡಕ್ಕೆ ಸೆಳೆಯುವ ಜೋಡಣೆ, ಅಂಗಡಿಯಲ್ಲಿ ಎಡವನ್ನೇ ಮುಚ್ಚುವ ಜೋಡಣೆ. ಇದು ವಿರೋಧಾಭಾಸವೆಂದು ಕಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಮನೆ ಕಲಿಯುವ ಜಾಗ, ಅಂಗಡಿ ದುಡಿಯುವ ಜಾಗ. ಎರಡಕ್ಕೂ ಒಂದೇ ನಿಯಮ ಬೇಕೆಂದು ನನಗೆ ಅನಿಸಲಿಲ್ಲ.

ಈ ಪ್ರಕರಣದಿಂದ

ಇಂಥವರನ್ನು ನೋಡಿಕೊಳ್ಳುವವರಿಗೆ ನಾನು ಈಗ ಒತ್ತಿ ಹೇಳುವುದು, ಕೈಕಾಲಿನ ಬಲ ಮರಳಿದ ವೇಗವನ್ನು ನೋಡಿ ಮೋಸಹೋಗಬೇಡಿ ಎಂದು. ಯಜಮಾನರ ಕೈ ಬೇಗ ಸುಧಾರಿಸಿದ್ದರಿಂದಲೇ ಅವರು ಬೇಗ ಅಂಗಡಿಗೆ ಮರಳಿದರು, ಚೆಕ್ ಬರೆದರು, ಮಾನಕ್ಕೆ ಕುತ್ತು ತಂದುಕೊಂಡರು. ಬಲ ಮಿದುಳಿನ ಪಾರ್ಶ್ವವಾಯುವಾದವರನ್ನು ಮನೆಗೆ ಕಳಿಸುವ ಮುನ್ನ ಒಂದು ಗೆರೆ ಎಳೆದು ಮಧ್ಯ ಕೇಳಲು ಎರಡು ನಿಮಿಷ ಸಾಕು. ಊಟ ಬಡಿಸುವವರನ್ನು ಒಂದು ಮಾತು ಕೇಳಿದರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ರೋಗಿಯನ್ನು ಒಪ್ಪಿಸುವ ವಿಷಯದಲ್ಲಿ, ಅವರು ಜೀವಮಾನವಿಡೀ ಯಾವ ಸಾಕ್ಷ್ಯವನ್ನು ನಂಬಿದ್ದಾರೋ ಅದನ್ನೇ ಹುಡುಕಬೇಕು. ಯಜಮಾನರಿಗೆ ಅದು ತಾಳೆ ಪಟ್ಟಿಯಾಗಿತ್ತು. ದರ್ಜಿಯೊಬ್ಬರಿಗಾದರೆ ಅಳತೆಪಟ್ಟಿ ಇರಬಹುದು, ಅಡುಗೆಯವರಿಗೆ ಎಲೆಯೇ ಸಾಕು. ಗಡಿಯಾರದ ಚಿತ್ರ ನಮಗೆ ಸಾಕ್ಷ್ಯ, ಅವರಿಗಲ್ಲ.

ಇತ್ಯರ್ಥವಾಗದೆ ಉಳಿದಿರುವುದು ಸ್ಕೂಟರ್. ನಕ್ಷತ್ರಗಳನ್ನೆಲ್ಲ ಹೊಡೆದುಹಾಕಿದ್ದೇನಲ್ಲ, ಓಡಿಸಬಹುದೆಂದು ಪತ್ರ ಕೊಡಿ ಎಂದು ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಕೊಟ್ಟಿಲ್ಲ. ನಡೆದು ಹೋಗುವುದೇ ಇನ್ನೂ ಪೂರ್ತಿ ಸುರಕ್ಷಿತವಾಗಿಲ್ಲ. ರಸ್ತೆಯ ಬಲಬದಿಯಲ್ಲಿ ನಡೆದರೆ ವಾಹನಗಳು ಅವರ ಎಡಕ್ಕೆ ಬರುತ್ತವೆ. ಎಡಬದಿಯಲ್ಲಿ ನಡೆದರೆ ಎಡಕ್ಕೆ ತೆರೆದ ಚರಂಡಿ. ಒಮ್ಮೆ ಅದರಲ್ಲಿ ಕಾಲಿಟ್ಟು ಮಂಡಿ ತರಚಿಕೊಂಡದ್ದೂ ಆಗಿದೆ. ಸದ್ಯ ಮಗನೋ ಗುಮಾಸ್ತನೋ ಅವರ ಎಡಕ್ಕೆ ನಡೆಯುತ್ತಾರೆ, ಸ್ಕೂಟರಿನ ಕೀಲಿ ಹೆಂಡತಿಯ ಬಳಿ ಇದೆ. ವರ್ಷ ತುಂಬಿದ ಮೇಲೆ ಮತ್ತೊಮ್ಮೆ ನೋಡೋಣವೆಂದು ಒಪ್ಪಿದ್ದೇವೆ. ಆಗ ಪರೀಕ್ಷೆ ಕಾಗದದ ಮೇಲಲ್ಲ, ಸಂತೆಯ ದಿನ ರಥಬೀದಿಯಲ್ಲಿ, ಕಾಲ್ನಡಿಗೆಯಲ್ಲಿ.